ಕ್ಷೌರದ ಕತ್ತಿಗೆ ಒಂದೇ ಸಾಣೆಕಲ್ಲು: ಮನೆಯ ಗುಂಪಿನಲ್ಲೊಂದು ವಾದ

ತಮ್ಮ: (ಹಳದಿ ಸಾಣೆಕಲ್ಲಿನ ಚಿತ್ರ) ಹಳೆಯ ಕ್ಷೌರದ ಕತ್ತಿಯೊಂದನ್ನು ಕೊಂಡಿದ್ದೇನೆ. ಕಲ್ಲು ಮಾತ್ರ ಒಂದೇ ಕೊಳ್ಳುವುದು ಎಂದು ತೀರ್ಮಾನಿಸಿದ್ದೇನೆ. ಬೆಲ್ಜಿಯಂನ ಈ ಕೋಟಿಕ್ಯೂಲ್ ಒಂದಿದ್ದರೆ ಮೊಂಡು ಕತ್ತಿಯಿಂದ ಹಿಡಿದು ಕೊನೆಯ ನಯದವರೆಗೆ ಬೇರೆ ಕಲ್ಲೇ ಬೇಡವಂತೆ. ಏನನ್ನುತ್ತೀರಿ?

ಭಾವ: ಯೋಚಿಸಬೇಡ, ತೆಗೆದುಕೋ. ಆ ಕಲ್ಲಿನೊಳಗೆ ಗಾರ್ನೆಟ್ ಎಂಬ ಗಟ್ಟಿ ಖನಿಜದ ಹರಳುಗಳಿವೆ. ಅದೇ ಜಾತಿಯ ಚಿಕ್ಕ ತುಂಡೊಂದನ್ನು ನೀರು ಹಾಕಿ ಮೇಲೆ ಉಜ್ಜಿದರೆ ಹಾಲಿನಂಥ ರಾಡಿ ಏಳುತ್ತದೆ. ರಾಡಿ ಗಟ್ಟಿಯಿರುವಾಗ ಉಕ್ಕು ಬೇಗ ಸವೆಯುತ್ತದೆ. ಹನಿಹನಿ ನೀರು ಸೇರಿಸಿ ತೆಳುವಾಗಿಸಿದಂತೆ ಕಲ್ಲಿನ ಉಜ್ಜು ನಯವಾಗುತ್ತಾ ಹೋಗುತ್ತದೆ, ಕೊನೆಯಲ್ಲಿ ಬರೀ ನೀರು ಸಾಕು. ನಾಲ್ಕು ಕಲ್ಲಿನ ಕೆಲಸ ಒಂದರಲ್ಲೇ ಮುಗಿಯುತ್ತದೆ.

ನಾನು: ಭಾವ, ಕಲ್ಲಿನ ಗುಣದ ಬಗ್ಗೆ ನೀವು ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿಲ್ಲ. ಆದರೆ ರಾಡಿ ಯಾವಾಗ ತೆಳುವಾಗಬೇಕು ಎಂದು ಹೇಳಬೇಕಾದದ್ದು ಕೈ, ಕಲ್ಲಲ್ಲ. ಬೇಗ ನೀರು ಹಾಕಿದರೆ ಎರಡು ಪಕ್ಕಗಳ ಇಳಿಜಾರು ಅಂಚಿನಲ್ಲಿ ಕೂಡುವ ಮೊದಲೇ ಕಲ್ಲು ನಿಧಾನವಾಗಿಬಿಡುತ್ತದೆ. ತಡವಾದರೆ ರಾಡಿಯ ಕಣಗಳೇ ಅಂಚಿಗೆ ಬಡಿದು ಹರಿತವನ್ನು ಕೆಡಿಸುತ್ತವೆ. ಮೇಲಾಗಿ ಅದು ನೆಲದಿಂದ ತೆಗೆದ ಕಲ್ಲು, ಒಂದು ತುಂಡಿನಂತೆ ಇನ್ನೊಂದಿಲ್ಲ. ಇವನು ಇನ್ನೂ ಕತ್ತಿಯನ್ನು ಕಲ್ಲಿನ ಮೇಲೆ ಇಟ್ಟೇ ಇಲ್ಲ. ಎಲ್ಲೋ ಎಡವಿದರೆ ತಪ್ಪು ಕೈಯದೋ ಕಲ್ಲಿನದೋ ಎಂದು ಅವನಿಗೆ ಹೇಗೆ ತಿಳಿಯಬೇಕು?

ತಮ್ಮ: ಹಾಗಾದರೆ ಅಡುಗೆಮನೆಯ ಚಾಕುವಿಗೆ ಬಳಸುವ 1000 ಗ್ರಿಟ್ ಕಲ್ಲೇ ಸಾಲದೇ ಅಣ್ಣ? ಅದರಲ್ಲಿ ಮಸೆದ ಚಾಕು ಚೆನ್ನಾಗಿಯೇ ಕತ್ತರಿಸುತ್ತದೆ.

ನಾನು: ಚಾಕುವಿಗೆ ಸಾಕು, ಮುಖಕ್ಕೆ ಸಾಲದು. ಗ್ರಿಟ್ ಸಂಖ್ಯೆ ಹೆಚ್ಚಿದಷ್ಟೂ ಕಲ್ಲಿನ ಕಣ ಸಣ್ಣದು. ಜಪಾನಿನ ಮಾನಕದಲ್ಲಿ 1000 ಗ್ರಿಟ್ ಕಣದ ಸರಾಸರಿ ಗಾತ್ರ ಸುಮಾರು 11.5 ಮೈಕ್ರಾನ್, 8000 ಗ್ರಿಟ್‌ನದು 1.2. ದೊಡ್ಡ ಕಣ ಎಳೆದ ಗೀರು ಅಂಚಿನವರೆಗೂ ಹೋಗಿ ಅಲ್ಲಿ ಹಲ್ಲಿನಂತೆ ನಿಲ್ಲುತ್ತದೆ. ತರಕಾರಿಗೆ ಆ ಹಲ್ಲು ಅನುಕೂಲ, ಚರ್ಮಕ್ಕೆ ಉರಿ.

ಚಿಕ್ಕಪ್ಪ: ಹಿಂದೆ ಕ್ಷೌರಿಕರ ಬಳಿ ಅಂಗೈಯಷ್ಟು ಚಿಕ್ಕದೊಂದು ಕಲ್ಲು, ಒಂದು ಚರ್ಮದ ಪಟ್ಟಿ, ಇಷ್ಟೇ ಇರುತ್ತಿತ್ತಲ್ಲ. ಅವರಿಗೆ ಒಂದೇ ಕಲ್ಲು ಸಾಕಾಗಿದ್ದರೆ ಇವನಿಗೇಕೆ ಸಾಲದು?

ನಾನು: ಚಿಕ್ಕಪ್ಪ, ನನ್ನ ವಾದವನ್ನು ನೀವೇ ಹೇಳಿದಿರಿ. ಆ ಕಲ್ಲು ಕತ್ತಿಗೆ ಹೊಸದಾಗಿ ಅಂಚು ಕಟ್ಟಲು ಅಲ್ಲ, ಇದ್ದ ಅಂಚನ್ನು ಕಾಪಾಡಲು. ಪ್ರತಿ ಕ್ಷೌರಕ್ಕೂ ಚರ್ಮದ ಪಟ್ಟಿ. ಪಟ್ಟಿಯೂ ಸಾಲದಾದಾಗ ಕಲ್ಲಿನ ಮೇಲೆ ಕೆಲವೇ ಎಳೆತ, ಮತ್ತೆ ಪಟ್ಟಿ. ಸರಿಯಾಗಿ ಸಾಣೆ ಹಿಡಿದ ಕತ್ತಿ, ಕೆಳಗೆ ಬಿದ್ದು ಚಕ್ಕೆ ಹಾರದಿದ್ದರೆ, ಬಹುಕಾಲ ಇಷ್ಟರಲ್ಲೇ ನಡೆಯುತ್ತದೆ. ಆದ್ದರಿಂದ ಒಂದೇ ಕಲ್ಲು ಎನ್ನುವುದಾದರೆ ಅದು ಕೊನೆಯ ಹಂತದ ನಯವಾದ ಕಲ್ಲೇ ಆಗಿರಬೇಕು. ನನ್ನ ಮತ 12000 ಗ್ರಿಟ್‌ನ ಕೃತಕ ಕಲ್ಲಿಗೆ, 3 ಅಂಗುಲ ಅಗಲದ್ದು. ಕತ್ತಿಯ ಅಂಚೂ ಹೆಚ್ಚುಕಡಿಮೆ ಅಷ್ಟೇ ಉದ್ದ, ಇಡೀ ಅಂಚು ಒಮ್ಮೆಲೇ ಕಲ್ಲಿನ ಮೇಲೆ ಕೂರುತ್ತದೆ. ಕೋಟಿಕ್ಯೂಲ್‌ಗಳು ಹೆಚ್ಚಾಗಿ ಕಿರಿದು. ಅವುಗಳ ಮೇಲೆ ಕತ್ತಿಯನ್ನು ಓರೆಯಾಗಿ ಎಳೆಯುವುದನ್ನೂ ಕಲಿಯಬೇಕು.

ಭಾವ: ಕೃತಕ ಕಲ್ಲಿನ ಅಂಚು ಒರಟು ಸ್ವಭಾವದ್ದು. ಕೋಟಿಕ್ಯೂಲ್‌ನ ಅಂಚು ಚರ್ಮದ ಮೇಲೆ ಹೋಗುವುದೇ ಗೊತ್ತಾಗುವುದಿಲ್ಲ. ದಿನವೂ ಮುಖಕ್ಕೆ ತಾಗಿಸುವ ವಸ್ತುವಿಗೆ ಅದು ಸಣ್ಣ ಮಾತಲ್ಲ.

ನಾನು: ಒಪ್ಪುತ್ತೇನೆ, ಅದು ಸಣ್ಣ ಮಾತಲ್ಲ. ಆದರೆ ಆ ಸುಖ ಅಂಚು ಪೂರ್ತಿ ಹರಿತವಾದ ಮೇಲಿನದು. ಅರೆಹರಿತ ಕತ್ತಿ ಯಾವ ಕಲ್ಲಿನಿಂದ ಬಂದರೂ ಕೂದಲನ್ನು ಎಳೆಯುತ್ತದೆ. ಮೊದಲು ಎಳೆಯದಿರಲಿ.

ಅಕ್ಕ: ಇಷ್ಟು ಹೊತ್ತಿನಿಂದ ಗ್ರಿಟ್ ಗ್ರಿಟ್ ಎನ್ನುತ್ತಿದ್ದೀರಿ. ಕಲ್ಲು ಸಮತಟ್ಟಾಗಿರಬೇಕು ಎಂದು ಯಾರೂ ಹೇಳಲಿಲ್ಲ! ನನ್ನ ಮರಗೆಲಸದ ಉಳಿಗಳಿಗೆ ಮೊದಲ ಪಾಠವೇ ಅದು. ಕಲ್ಲಿನ ಮೇಲೆಲ್ಲ ಪೆನ್ಸಿಲ್ ಗೆರೆ ಎಳೆದು, ದಪ್ಪ ಗಾಜಿನ ಮೇಲೆ ಒದ್ದೆಯಾಗಬಲ್ಲ ಉಪ್ಪುಕಾಗದ ಹಾಸಿ ಉಜ್ಜಬೇಕು. ನಡುವೆ ಗೆರೆ ಉಳಿದರೆ ಅಲ್ಲಿ ತಗ್ಗಿದೆ ಎಂದರ್ಥ.

ನಾನು: ಅಕ್ಕ, ಕ್ಷೌರದ ಕತ್ತಿಗೆ ಆ ಮಾತು ಇನ್ನೂ ಹೆಚ್ಚು ಸಲ್ಲುತ್ತದೆ. ಇಲ್ಲಿ ಕೋನವನ್ನು ನಾವು ಹಿಡಿಯುವುದಿಲ್ಲ. ಕತ್ತಿಯ ಬೆನ್ನು, ಅಂಚು ಎರಡೂ ಕಲ್ಲಿಗೆ ತಾಗಿ ಮಲಗಿರಬೇಕು, ಬೆನ್ನಿನ ದಪ್ಪವೇ ಕೋನವನ್ನು ನಿರ್ಧರಿಸುತ್ತದೆ. ಕಲ್ಲು ತಗ್ಗಾಗಿದ್ದರೆ ಆ ಲೆಕ್ಕವೇ ತಪ್ಪುತ್ತದೆ. ಬೆನ್ನು ಕೂಡ ಕಲ್ಲಿನ ಮೇಲೆ ಸವೆಯುತ್ತದೆ, ಹಾಗಾಗಿ ಒರಟು ಕಲ್ಲಿಗೆ ಪದೇ ಪದೇ ಹಚ್ಚಬಾರದು.

ತಮ್ಮ, ಈಗ ನೀನು ಕಲ್ಲನ್ನು ಬಿಟ್ಟು ಕತ್ತಿಯನ್ನು ನೋಡು. ಅಂಚಿನ ಎರಡೂ ಪಕ್ಕಕ್ಕೆ ಕಪ್ಪು ಮಾರ್ಕರ್ ಬಳಿ. ನಿನ್ನ ಬಳಿಯಿರುವ ಅಕ್ಕನ ನಯವಾದ ಕಲ್ಲಿನ ಮೇಲೆ, ಭಾರ ಹಾಕದೆ, ಅಂಚು ಮುಂದಾಗಿ ಒಂದೊಂದೇ ಎಳೆತ ಎಳೆದು ಶಾಯಿ ಎಲ್ಲಿ ಹೋಯಿತು ಎಂದು ಬೆಳಕಿನಲ್ಲಿ ನೋಡಿ ಹೇಳು.

ತಮ್ಮ: ನೋಡಿದೆ ಅಣ್ಣ. ಒಂದು ಪಕ್ಕ ಪೂರ್ತಿ ಅಳಿಸಿದೆ. ಇನ್ನೊಂದು ಪಕ್ಕದಲ್ಲಿ, ಹಿಡಿಯ ಕಡೆ, ಅಂಚಿಗೆ ಅಂಟಿದಂತೆ ಕೂದಲೆಳೆಯಷ್ಟು ಕಪ್ಪು ಗೆರೆ ಉಳಿದಿದೆ.

ನಾನು: ಅಲ್ಲಿ ಕಲ್ಲು ಅಂಚನ್ನು ಮುಟ್ಟೇ ಇಲ್ಲ. ಎರಡು ಪಕ್ಕಗಳ ಇಳಿಜಾರು ಆ ಜಾಗದಲ್ಲಿ ಇನ್ನೂ ಕೂಡಿಲ್ಲ. ಇದನ್ನು 12000ದ ಮೇಲೆ ಸರಿಮಾಡಲು ಹೊರಟರೆ ಕೈ ಸೋಲುತ್ತದೆ, ಕೋಟಿಕ್ಯೂಲ್‌ನ ಗಟ್ಟಿ ರಾಡಿಯಲ್ಲೂ ಹೊಸಬನಿಗೆ ತಾಳ್ಮೆ ಉಳಿಯುವುದಿಲ್ಲ. ಇದು ಒಂದು ಸಲದ ಕೆಲಸ, ಇದಕ್ಕೆಂದು ಕಲ್ಲು ಕೊಳ್ಳಬೇಡ. ಅಕ್ಕನ 1000ದ ಕಲ್ಲಿನಲ್ಲಿ ಎರಡೂ ಪಕ್ಕದ ಶಾಯಿ ಅಂಚಿನವರೆಗೆ ಹೋಗುವ ತನಕ ಮಸೆ. ಆಮೇಲೆ 4000, 8000. ಪ್ರತಿ ಕಲ್ಲಿನಲ್ಲೂ ಹಿಂದಿನದರ ಗೀರು ಮಾಯವಾಗುವವರೆಗೆ ಮುಂದಕ್ಕೆ ಹೋಗಬೇಡ. ಕೊಳ್ಳುವುದು 12000 ಒಂದನ್ನೇ. 10000 ಸಿಕ್ಕರೂ ಚಿಂತೆಯಿಲ್ಲ, ಆ ಎತ್ತರದಲ್ಲಿ ಒಬ್ಬ ತಯಾರಕರ ಸಂಖ್ಯೆ ಇನ್ನೊಬ್ಬರದಕ್ಕೆ ಹೊಂದುವುದಿಲ್ಲ.

ಭಾವ: ಒಂದೇ ಕಲ್ಲು ಎಂದು ಶುರುವಾಗಿ ನಾಲ್ಕಕ್ಕೆ ಬಂತು. ಕೋಟಿಕ್ಯೂಲ್ ಆಗಿದ್ದರೆ ಒಂದಕ್ಕೇ ನಿಲ್ಲುತ್ತಿತ್ತು ಎಂದು ನಾನು ಈಗಲೂ ಹೇಳುತ್ತೇನೆ.

ನಾನು: ಮೂರು ಎರವಲು, ಒಂದು ಸ್ವಂತದ್ದು, ಭಾವ. ಅವನ ಕೈ ಪಳಗಲಿ, ಕೋಟಿಕ್ಯೂಲ್‌ನ ರಾಡಿಯನ್ನು ನೀವೇ ಕಲಿಸಿ.

ಅಕ್ಕ: ಉಳಿದ ಕಲ್ಲುಗಳನ್ನೂ ನಾಳೆ ಬಂದು ಒಯ್ಯಿ. ಹಿಂತಿರುಗಿಸುವ ಮೊದಲು ಮೂರೂ ಕಲ್ಲುಗಳಿಗೆ ಪೆನ್ಸಿಲ್ ಗೆರೆ ಎಳೆದು ಸಮತಟ್ಟು ಮಾಡಬೇಕು.