ಗ್ಯಾಸ್ ಗಾಡೀನಾ, ಡೀಸೆಲ್ ಗಾಡೀನಾ? ನಿಲ್ಲಿಸಿದ ಮೇಲೆ ಓಡಾಡೋದು ಹೇಗೆ?

ಪ್ರಶ್ನೆ (ನಿವೃತ್ತ ಮೇಷ್ಟ್ರು, ಕುಣಿಗಲ್ ರಸ್ತೆ, ತುಮಕೂರು):

ಸರ್, ನಮಸ್ಕಾರ. ನನ್ನ ಮಗ ಅಮೆರಿಕದ ಫೀನಿಕ್ಸ್‌ನಲ್ಲಿದ್ದಾನೆ. ಬರುವ ಏಪ್ರಿಲ್‌ನಲ್ಲಿ ನಾನೂ ನಮ್ಮ ಮನೆಯವರೂ ಐದು ತಿಂಗಳ ಮಟ್ಟಿಗೆ ಹೋಗುತ್ತಿದ್ದೇವೆ. ಅಷ್ಟರಲ್ಲಿ ಹಳೆಯದೊಂದು ಮೋಟಾರ್‌ಹೋಮ್ ಕೊಳ್ಳುತ್ತೇನೆ ಅನ್ನುತ್ತಾನೆ. ಮಂಚ, ಒಲೆ, ಬಚ್ಚಲು ಎಲ್ಲ ಒಳಗೇ ಇರುವ ಬಸ್ಸಿನಂಥ ಗಾಡಿ. ರಜೆಯಲ್ಲಿ ಮೂರು ವಾರ, ಆಮೇಲೆ ಆಗೊಂದು ಈಗೊಂದು ಶನಿವಾರ ಭಾನುವಾರ ಸುತ್ತೋದು. "ಗ್ಯಾಸ್ ಗಾಡಿ ನೋಡಿದೀನಪ್ಪ" ಅಂದ. ನಾನು ಸಿಲಿಂಡರ್ ಅಂದುಕೊಂಡು ಅರ್ಧ ಗಂಟೆ ಬೈದೆ. ಆಮೇಲೆ ಗೊತ್ತಾಯಿತು, ಅಲ್ಲಿ ಪೆಟ್ರೋಲಿಗೇ ಗ್ಯಾಸ್ ಅನ್ನುತ್ತಾರಂತೆ. ಅವನ ಸ್ನೇಹಿತ ಡೀಸೆಲ್ಲೇ ತಗೋ ಅಂತ ಹಟ ಹಿಡಿದಿದ್ದಾನೆ. ಯಾವುದು ಸರಿ? ಇನ್ನೊಂದು ಮಾತು. ಅಷ್ಟು ದೊಡ್ಡ ಗಾಡಿಯನ್ನು ಒಂದು ಕಡೆ ನಿಲ್ಲಿಸಿದ ಮೇಲೆ ಹಾಲಿಗೆ, ತರಕಾರಿಗೆ ಹೋಗೋದು ಹೇಗೆ? ನಮ್ಮ ಮನೆಯವರಿಗೆ ಮಂಡಿ ನೋವು, ಜಾಸ್ತಿ ನಡೆಯಲು ಆಗುವುದಿಲ್ಲ.

ಉತ್ತರ (ಗ್ಯಾರೇಜಿನವನು, ಅಂತರಸನಹಳ್ಳಿ):

ಮೇಷ್ಟ್ರೇ, ಬೈದಿದ್ದು ಪೂರ್ತಿ ದಂಡ ಆಗಲಿಲ್ಲ. ಆ ಗಾಡಿಯಲ್ಲಿ ಸಿಲಿಂಡರ್ ಕೂಡ ಇರುತ್ತದೆ. ಒಲೆ, ಬಿಸಿನೀರು, ಎಷ್ಟೋ ಗಾಡಿಗಳಲ್ಲಿ ಫ್ರಿಜ್ಜೂ ಪ್ರೊಪೇನ್ ಮೇಲೆ ನಡೆಯುತ್ತವೆ. ಇಂಜಿನ್ನಿಗೆ ಮಾತ್ರ ಪೆಟ್ರೋಲು.

ಗುಂಪಿಗೆ ಹೊಸಬರಾದವರಿಗೆ ಹೇಳಿಬಿಡುತ್ತೇನೆ. ನಾನು ಇಲ್ಲಿಯವನೇ. ಗ್ಯಾರೇಜು ಹಾಕುವ ಮುಂಚೆ ಹನ್ನೊಂದು ವರ್ಷ ಫೀನಿಕ್ಸ್ ಇರುವ ಅರಿಜೋನಾ ರಾಜ್ಯದಲ್ಲೇ ಟ್ರಕ್ಕು, ಮೋಟಾರ್‌ಹೋಮ್ ರಿಪೇರಿ ಮಾಡುತ್ತಿದ್ದೆ. ಅಲ್ಲಿ ಬರುತ್ತಿದ್ದ ಗಿರಾಕಿಗಳಲ್ಲಿ ಅರ್ಧ ಜನ ಇಂಜಿನ್ ಬಗ್ಗೆ ಆರು ತಿಂಗಳು ತಲೆ ಕೆಡಿಸಿಕೊಂಡು, ಓಡಾಟದ ಬಗ್ಗೆ ಐದು ನಿಮಿಷವೂ ಯೋಚಿಸಿರುತ್ತಿರಲಿಲ್ಲ. ಹಾಗಾಗಿ ನಿಮ್ಮ ಎರಡನೇ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ.

ಅಲ್ಲಿ ಜನ ಮೋಟಾರ್‌ಹೋಮಿನ ಹಿಂದೆ ಒಂದು ಕಾರು ಕಟ್ಟಿಕೊಂಡು ಹೋಗುತ್ತಾರೆ. ದೊಡ್ಡದನ್ನು ಕ್ಯಾಂಪಿನಲ್ಲಿ ನಿಲ್ಲಿಸಿ, ಕಾರು ಬಿಚ್ಚಿಕೊಂಡು ಪೇಟೆಗೆ ಹೊರಡುವುದು. ನಾಲ್ಕೂ ಚಕ್ರ ನೆಲದ ಮೇಲೇ ಉರುಳಬೇಕೆಂದರೆ ಎಲ್ಲ ಕಾರೂ ಆಗುವುದಿಲ್ಲ. ಬಹಳಷ್ಟು ಆಟೋಮ್ಯಾಟಿಕ್ ಕಾರುಗಳಲ್ಲಿ ಇಂಜಿನ್ ಆಫ್ ಆದರೆ ಗೇರ್‌ಬಾಕ್ಸಿನೊಳಗೆ ಆಯಿಲ್ ಹರಿಯುವುದಿಲ್ಲ. ಹಾಗೇ ಎಳೆದುಕೊಂಡು ಹೋದರೆ ಗೇರ್‌ಬಾಕ್ಸು ಸುಟ್ಟುಹೋಗುತ್ತದೆ. ಜೀಪ್ ರಾಂಗ್ಲರ್ ಅಲ್ಲಿ ಅಷ್ಟೊಂದು ಕಾಣುವುದಕ್ಕೆ ಇದೂ ಒಂದು ಕಾರಣ. ಅದರ ಟ್ರಾನ್ಸ್‌ಫರ್ ಕೇಸನ್ನು, ಅಂದರೆ ಮುಂದಿನ ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಪೆಟ್ಟಿಗೆಯನ್ನು, ನ್ಯೂಟ್ರಲ್‌ಗೆ ಹಾಕಿದರೆ ಸುಮ್ನೆ ಹಿಂದೆ ಬರುತ್ತದೆ. ಹಿಂದೆ ಕಟ್ಟಿದ ಕಾರಿಗೆ ಬೇರೆ ಬ್ರೇಕ್ ವ್ಯವಸ್ಥೆಯೂ ಬೇಕು.

ಒಂದು ಕಷ್ಟ ಯಾರೂ ಮೊದಲೇ ಹೇಳುವುದಿಲ್ಲ. ಹೀಗೆ ಕಾರು ಕಟ್ಟಿದ ಮೇಲೆ ರಿವರ್ಸ್ ಇಲ್ಲ. ನಾಲ್ಕಡಿ ಹಿಂದೆ ತಳ್ಳಿದರೆ ಕಾರಿನ ಮುಂದಿನ ಚಕ್ರ ಅಡ್ಡ ತಿರುಗಿ ನಿಲ್ಲುತ್ತದೆ. ಒಮ್ಮೆ ಗಿರಾಕಿಯ ಜೊತೆ ಟ್ರಯಲ್‌ಗೆ ಹೋಗಿದ್ದೆ. ಅವರು ಒಂದು ಸಣ್ಣ ಊರಿನ ಬಂಕಿಗೆ ನುಗ್ಗಿಸಿದರು. ಆಚೆ ಕಡೆ ದಾರಿ ಇಲ್ಲ, ಗೋಡೆ. ಜೂನ್ ತಿಂಗಳು, ಡಾಂಬರು ಬೂಟಿಗೆ ಅಂಟುತ್ತಿತ್ತು. ಗಾಡಿ ಸೊಟ್ಟ ನಿಂತಿದ್ದರಿಂದ ಎಳೆಯುವ ಕಂಬಿ ಬಿಗಿದುಕೊಂಡು ಪಿನ್ನು ಜಪ್ಪಯ್ಯ ಅಂದರೂ ಬರಲಿಲ್ಲ. ಅವರ ಹೆಂಡತಿ ಕಾರಿನೊಳಗೆ ಕೂತು ಸ್ಟೇರಿಂಗ್ ಆ ಕಡೆ ಈ ಕಡೆ ತಿರುಗಿಸಿದರು. ನಾನು ನೆಲದ ಮೇಲೆ ಮಲಗಿ ಸುತ್ತಿಗೆಯಲ್ಲಿ ಹೊಡೆದೆ. ಹೊರಗೆ ಬರಲು ಒಂದೂಕಾಲು ಗಂಟೆ. ಹಿಂದೆ ನಿಂತವರ ಹಾರನ್ನು ಬೇರೆ.

ಈಗ ಇಂಜಿನ್ನಿಗೆ ಬರೋಣ. ಅಲ್ಲಿನ ದೊಡ್ಡ ಪೆಟ್ರೋಲ್ ಮೋಟಾರ್‌ಹೋಮುಗಳು ಬಹುಪಾಲು ಫೋರ್ಡ್ ಎಫ್-53 ಚಾಸಿ ಮೇಲೆ ಕಟ್ಟಿದವು. ಹಳೆಯದರಲ್ಲಿ 6.8 ಲೀಟರ್ ವಿ10, ಹೊಸದರಲ್ಲಿ 7.3 ಲೀಟರ್ ವಿ8. ಇಂಜಿನ್ ಡ್ರೈವರ್ ಪಕ್ಕದಲ್ಲೇ. ಹಳೆ ಲಾರಿಯ ಬಾನೆಟ್ ಮೇಲೆ ಕೂತು ಹೋದ ನೆನಪಿದೆಯಲ್ವಾ, ಘಾಟಿ ಹತ್ತುವಾಗ ಅದೇ ಬಿಸಿ, ಅದೇ ಸದ್ದು. ದೊಡ್ಡ ಡೀಸೆಲ್ಲಿನಲ್ಲಿ ಇಂಜಿನ್ ಹಿಂದೆ ಇರುತ್ತದೆ. ಅದಕ್ಕೇ ಅದನ್ನು ಪುಷರ್ ಅನ್ನುತ್ತಾರೆ. ಕಮಿನ್ಸ್ ಇಂಜಿನ್, ಅಲಿಸನ್ ಗೇರ್‌ಬಾಕ್ಸ್, ಏರ್ ಸಸ್ಪೆನ್ಷನ್, ಏರ್ ಬ್ರೇಕು. ಮುಂದೆ ಕೂತವರಿಗೆ ಸದ್ದೇ ಕೇಳುವುದಿಲ್ಲ. ಹಿಂದೆ 10,000 ಪೌಂಡ್ ಎಳೆಯುವ ಗಾಡಿಗಳು ಅದರಲ್ಲಿ ಸಾಮಾನ್ಯ, ಪೆಟ್ರೋಲಿನಲ್ಲಿ ಸಾಮಾನ್ಯವಾಗಿ 5,000. ಒಂದು ಸಣ್ಣ ಕಾರಿಗೆ ಅದು ಸಾಕು.

ಫೀನಿಕ್ಸ್ ಇರುವುದು ಸುಮಾರು 330 ಮೀಟರ್ ಎತ್ತರದಲ್ಲಿ. ಗ್ರ್ಯಾಂಡ್ ಕ್ಯಾನಿಯನ್ ಕಡೆ ಹೋಗಲು ಫ್ಲ್ಯಾಗ್‌ಸ್ಟಾಫ್‌ಗೆ ಹತ್ತಬೇಕು. ಅದು 2,100 ಮೀಟರ್. ಟರ್ಬೊ (ಗಾಳಿಯನ್ನು ಒತ್ತಿ ಇಂಜಿನ್ನಿಗೆ ತುಂಬುವ ಫ್ಯಾನು) ಇಲ್ಲದ ಪೆಟ್ರೋಲ್ ಇಂಜಿನ್ 300 ಮೀಟರ್ ಹತ್ತಿದಂತೆಲ್ಲ ಸುಮಾರು 3 ಪರ್ಸೆಂಟ್ ಶಕ್ತಿ ಕಳೆದುಕೊಳ್ಳುತ್ತದೆ. ಅಲ್ಲಿ ಹೋಗುವಷ್ಟರಲ್ಲಿ ಏದುಸಿರು. ಡೀಸೆಲ್ಲಿಗೆ ಟರ್ಬೊ ಇರುವುದರಿಂದ ಅಷ್ಟು ಗೊತ್ತಾಗುವುದಿಲ್ಲ. ಇಳಿಯುವಾಗಲೂ ಎಕ್ಸಾಸ್ಟ್ ಬ್ರೇಕ್, ಅಂದರೆ ಇಂಜಿನ್ನಿನ ಹೊಗೆ ತಡೆದು ಗಾಡಿ ನಿಧಾನ ಮಾಡುವ ಬ್ರೇಕು, ಹಿಡಿದುಕೊಳ್ಳುತ್ತದೆ. ಈ ವಿಷಯದಲ್ಲಿ ಡೀಸೆಲ್ಲೇ ಸುಖ, ವಾದವೇ ಇಲ್ಲ.

ಆದರೆ ದುಡ್ಡು? ನಿಮ್ಮ ಮಗ ವರ್ಷಕ್ಕೆ 5,000 ಮೈಲಿ ಓಡಿಸಿದ ಅನ್ನಿ. ಪೆಟ್ರೋಲ್ ಗಾಡಿ ಗ್ಯಾಲನ್ನಿಗೆ 8 ಮೈಲಿ ಕೊಟ್ಟರೆ 625 ಗ್ಯಾಲನ್. ಡೀಸೆಲ್ 10 ಮೈಲಿ ಕೊಟ್ಟರೆ 500. ಅಲ್ಲಿ ಡೀಸೆಲ್ ಬೆಲೆ ಸಾಮಾನ್ಯವಾಗಿ ಪೆಟ್ರೋಲಿಗಿಂತ ಜಾಸ್ತಿ, ನಮ್ಮಲ್ಲಿಯ ಹಾಗಲ್ಲ. ಪೆಟ್ರೋಲ್ ಮೂರೂವರೆ ಡಾಲರ್, ಡೀಸೆಲ್ ನಾಲ್ಕು ಅಂತ ಇಟ್ಟುಕೊಂಡರೆ ವರ್ಷಕ್ಕೆ ಉಳಿಯುವುದು ಇನ್ನೂರು ಡಾಲರೂ ಇಲ್ಲ. ಅದನ್ನು ಒಂದು ಸಲದ ಆಯಿಲ್ ಬದಲಾವಣೆ ನುಂಗುತ್ತದೆ. ಪೆಟ್ರೋಲ್ ಇಂಜಿನ್ನಿಗೆ ಏಳೆಂಟು ಲೀಟರ್ ಆಯಿಲ್ ಸಾಕು, ದೊಡ್ಡ ಕಮಿನ್ಸ್ ಇಪ್ಪತ್ತು ಲೀಟರ್ ದಾಟುತ್ತದೆ. ಗಾಡಿಯ ಬೆಲೆಯಲ್ಲಿ ವ್ಯತ್ಯಾಸವೇ ಹತ್ತಾರು ಸಾವಿರ ಡಾಲರ್. ಹಾಗಾಗಿ ಮಗನಿಗೆ ಹೇಳಿ: ಕಾಯಂ ಅದರಲ್ಲೇ ವಾಸ, ದೊಡ್ಡ ಕಾರು ಎಳೆಯಬೇಕು, ತಿಂಗಳುಗಟ್ಟಲೆ ಬೆಟ್ಟದ ದಾರಿ ಅಂದರೆ ಡೀಸೆಲ್. ಮೂರು ವಾರ ಮತ್ತು ಒಂದಷ್ಟು ವೀಕೆಂಡಿಗೆ ಪೆಟ್ರೋಲೇ ಸಾಕು, ಅದೂ ಸಣ್ಣದು. ವ್ಯಾನಿನ ಮೂತಿ ಇದ್ದು ಮೇಲೆ ಮಂಚ ಚಾಚಿರುತ್ತದಲ್ಲ, ಕ್ಲಾಸ್ ಸಿ ಅನ್ನುತ್ತಾರೆ, ಅಂಥದ್ದು. ಉಳಿದ ದುಡ್ಡಿನಲ್ಲಿ ಬೇಕಾದ ಕಡೆ ಬಾಡಿಗೆ ಕಾರು ಹಿಡಿಯಿರಿ.

ಅಮ್ಮನವರ ಮಂಡಿಗೆ ಒಂದು ಸಮಾಧಾನ. ಗ್ರ್ಯಾಂಡ್ ಕ್ಯಾನಿಯನ್ನಿನ ದಕ್ಷಿಣ ಅಂಚಿನಲ್ಲಿ ಪಾರ್ಕಿನವರದೇ ಪುಕ್ಕಟೆ ಬಸ್ಸು ಓಡುತ್ತದೆ. ಜಯಾನ್ ಅನ್ನುವ ಪಾರ್ಕಿನಲ್ಲೂ ಇದೆ. ಗ್ಲೇಸಿಯರ್ ಪಾರ್ಕಿಗೆ ಹೋಗುವ ಆಸೆ ಇದ್ದರೆ ಮಾತ್ರ ನೆನಪಿರಲಿ, ಅಲ್ಲಿನ ಬೆಟ್ಟದ ರಸ್ತೆಯ ಮೇಲ್ಭಾಗದಲ್ಲಿ 21 ಅಡಿಗಿಂತ ಉದ್ದದ ಗಾಡಿ ಬಿಡುವುದಿಲ್ಲ.

ಪ್ರತಿಕ್ರಿಯೆ (ಲಾರಿ ಮಾಲೀಕರು, ಸಿರಾ):

ಏನಣ್ಣ, ಡೀಸೆಲ್ ಬಿಟ್ಟು ಪೆಟ್ರೋಲ್ ತಗೊಳ್ಳಿ ಅಂತೀಯ? ನಮ್ಮ ಗಾಡಿ ಎಂಟು ಲಕ್ಷ ಕಿಲೋಮೀಟರ್ ಆಯ್ತು, ಇಂಜಿನ್ ಬಿಚ್ಚಿಲ್ಲ.

ಉತ್ತರ:

ಅಣ್ಣ, ನಿನ್ನ ಲಾರಿ ಒಂದು ದಿನ ನಿಂತರೆ ನಿನಗೆ ನಿದ್ದೆ ಬರಲ್ಲ. ಅದಕ್ಕೇ ಅದು ಆರೋಗ್ಯವಾಗಿದೆ. ಇಂಥ ಗಾಡಿ ವರ್ಷದಲ್ಲಿ ಮುನ್ನೂರು ದಿನ ಶೆಡ್ಡಿನಲ್ಲಿ ಮಲಗಿರುತ್ತದೆ. ಹೋದ ವರ್ಷ ಗುಬ್ಬಿ ಕಡೆಯಿಂದ ಒಂದು ಟ್ರಾವೆಲರ್ ವ್ಯಾನು ಟೋ ಮಾಡಿಕೊಂಡು ಬಂದರು. ಒಳಗೆ ಮಂಚ, ಸಿಂಕು ಎಲ್ಲ ಚೆನ್ನಾಗಿ ಮಾಡಿಸಿದ್ದರು. ಹದಿನಾಲ್ಕು ತಿಂಗಳು ನಿಂತಿತ್ತು, ಟ್ಯಾಂಕು ಕಾಲು ಭಾಗ. ಡೀಸೆಲ್ ಫಿಲ್ಟರ್ ಬಿಚ್ಚಿದೆ. ತಳದಲ್ಲಿ ಎರಡು ಬೆರಳು ನೀರು. ಅದರ ಮೇಲೆ ಕಾಫಿ ಬಣ್ಣದ ಲೋಳೆ, ಬೆರಳಲ್ಲಿ ಎತ್ತಿದರೆ ಹಲಸಿನ ಮೇಣದ ಹಾಗೆ ಎಳೆ ಎಳೆಯಾಗಿ ಬಂತು. ಖಾಲಿ ಟ್ಯಾಂಕಿನೊಳಗೆ ರಾತ್ರಿ ಇಬ್ಬನಿ ಕಟ್ಟುತ್ತದೆ, ಆ ನೀರು ಡೀಸೆಲ್ ಕೆಳಗೆ ಕೂರುತ್ತದೆ, ಅಲ್ಲಿ ಪಾಚಿಯಂಥದ್ದು ಬೆಳೆಯುತ್ತದೆ. ನಾಲ್ಕು ಇಂಜೆಕ್ಟರಿನಲ್ಲಿ ಎರಡು ಹೋಗಿದ್ದವು. ನಿಲ್ಲಿಸುವುದೇ ಆದರೆ ಟ್ಯಾಂಕ್ ತುಂಬಿಸಿ ನಿಲ್ಲಿಸಬೇಕು. ಪೆಟ್ರೋಲೂ ಸಾಚಾ ಏನಲ್ಲ. ನಮ್ಮಲ್ಲಿ ಈಗ ಬರುವ 20 ಪರ್ಸೆಂಟ್ ಎಥನಾಲ್ ಬೆರೆತದ್ದು ನೀರು ಹೀರುತ್ತದೆ, ಆರು ತಿಂಗಳು ಬಿಟ್ಟರೆ ಹಳಸುತ್ತದೆ. ಆದರೆ ಅದನ್ನು ಸರಿ ಮಾಡುವ ಖರ್ಚು ಕಮ್ಮಿ.

ಪ್ರಶ್ನೆ (ಚಿಕ್ಕಬಳ್ಳಾಪುರದ ಯುವಕ):

ಅಣ್ಣಾ, ಅಮೆರಿಕ ಬಿಡಿ. ನಾನು, ನನ್ನ ಹೆಂಡತಿ ಇಬ್ಬರೇ. ಮಾರುತಿ ಈಕೋ ವ್ಯಾನ್ ತಗೊಂಡು ಸಣ್ಣದಾಗಿ ಕ್ಯಾಂಪರ್ ಮಾಡಿಸೋದಾ, ಇಲ್ಲ ಹಳೇ ಟ್ರಾವೆಲರ್ ಡೀಸೆಲ್ಲಾ? ಒಮ್ಮೆ ಲಡಾಖ್‌ಗೂ ಹೋಗುವ ಆಸೆ.

ಉತ್ತರ:

ಇಬ್ಬರಿಗೆ ಈಕೋ ಧಾರಾಳ. 1.2 ಲೀಟರ್ ಪೆಟ್ರೋಲು, ಯಾವ ಊರಿನ ಮೆಕ್ಯಾನಿಕ್ಕಾದರೂ ಕೈ ಹಾಕುತ್ತಾನೆ. ತರಕಾರಿ ತರಲು ಬೇರೆ ಗಾಡಿಯೇ ಬೇಡ, ಅದನ್ನೇ ಮಾರ್ಕೆಟ್ಟಿನ ಗಲ್ಲಿಗೆ ನುಗ್ಗಿಸಬಹುದು. ಲಡಾಖ್‌ನ ಏರಿನಲ್ಲಿ ಮೊದಲನೇ ಗೇರಲ್ಲಿ ತೆವಳುತ್ತದೆ, ತೆವಳಲಿ ಬಿಡಿ. ಹಾಸಿಗೆಯನ್ನು ಎತ್ತಿ ತೆಗೆಯುವ ಹಾಗೆ ಮಾಡಿಸಿ.

ಟ್ರಾವೆಲರ್ ಅಂದರೆ ಎರಡು ವಿಷಯ. ಬಿಎಸ್6, ಅಂದರೆ ಹೊಸ ಹೊಗೆ ನಿಯಮದ ಡೀಸೆಲ್ ಗಾಡಿ ಆದರೆ ಸೈಲೆನ್ಸರಿನಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಹೆದ್ದಾರಿಯಲ್ಲಿ ಚೆನ್ನಾಗಿ ಕಾದರೆ ಮಾತ್ರ ಆ ಮಸಿ ಸುಟ್ಟುಹೋಗುವುದು. ಮನೆಯಿಂದ ನಂದಿ ಕ್ರಾಸ್‌ಗೆ ಹೋಗಿ ವಾಪಸ್ ಬರುವ ಓಡಾಟಕ್ಕೆ ಅದು ಕಟ್ಟಿಕೊಳ್ಳುತ್ತದೆ, ಡ್ಯಾಶ್‌ಬೋರ್ಡಿನಲ್ಲಿ ಲೈಟು ಬರುತ್ತದೆ. ಇನ್ನು ಲಡಾಖ್‌ನ ಚಳಿಗೆ ಸಾಧಾರಣ ಡೀಸೆಲ್ ಗಟ್ಟಿಯಾಗುತ್ತದೆ. ಅದಕ್ಕೆಂದೇ 2019ರ ನವೆಂಬರ್‌ನಲ್ಲಿ ಇಂಡಿಯನ್ ಆಯಿಲ್‌ನವರು ಅಲ್ಲಿಗೆ ಮೈನಸ್ 33 ಡಿಗ್ರಿವರೆಗೂ ಹರಿಯುವ ಚಳಿಗಾಲದ ಡೀಸೆಲ್ ತಂದರು. ಬೇಸಿಗೆಯಲ್ಲಿ ಹೋದರೆ ಈ ಚಿಂತೆ ಇಲ್ಲ.

ಎಲ್ಲಕ್ಕಿಂತ ಮುಂಚೆ ಆರ್‌ಟಿಒಗೆ ಹೋಗಿ ಕೇಳಿ. ಮೋಟಾರ್ ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿ ಬರೆದಿರುವುದಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಬದಲಾಯಿಸಿದರೆ ಅನುಮತಿ ಬೇಕು, ಆರ್‌ಸಿಯಲ್ಲಿ ಏರಬೇಕು. ಕ್ಯಾರವಾನುಗಳಿಗೆ ಎಐಎಸ್-124 ಅನ್ನುವ ಮಾನದಂಡವೇ ಇದೆ. "ಎಲ್ಲಾ ನಾವು ನೋಡ್ಕೋತೀವಿ ಸಾರ್" ಅನ್ನುವ ಬಾಡಿ ಕಟ್ಟುವವರನ್ನು ನಂಬಿ ಅಡ್ವಾನ್ಸ್ ಕೊಡಬೇಡಿ. ಆಕ್ಸಿಡೆಂಟ್ ಆದ ದಿನ ಇನ್ಶೂರೆನ್ಸಿನವರು ಮೊದಲು ನೋಡುವುದೇ ಅದನ್ನು.

ಪ್ರಶ್ನೆ (ಕೋಲಾರದಿಂದ ಒಬ್ಬ ಗೃಹಿಣಿ):

ಅಣ್ಣ, ನಮ್ಮದು ಟ್ರಾವೆಲರ್ ರೆಡಿ ಇದೆ, ಪೇಪರ್ ಎಲ್ಲ ಸರಿ ಇದೆ. ಹಿಂದೆ ಕಬ್ಬಿಣದ ಸ್ಟ್ಯಾಂಡ್ ಮಾಡಿಸಿ ಸ್ಕೂಟರ್ ಏರಿಸೋಣ ಅಂತಾರೆ ನಮ್ಮ ಯಜಮಾನರು. ಮೈಸೂರು, ಊಟಿ ಕಡೆ ಹೋಗೋದಿದೆ.

ಉತ್ತರ:

ಬೇಡಮ್ಮ. ಸ್ಕೂಟರ್ ನೂರು ಕೆಜಿ ದಾಟುತ್ತದೆ, ಟಿವಿಎಸ್ ಎಕ್ಸ್‌ಎಲ್ ಆದರೂ ತೊಂಬತ್ತರ ಹತ್ತಿರ. ಅದರ ಮೇಲೆ ಸ್ಟ್ಯಾಂಡಿನ ಭಾರ. ಟ್ರಾವೆಲರಿಗೆ ಹಿಂದಿನ ಚಕ್ರದ ಆಚೆಗೆ ಮೊದಲೇ ಉದ್ದ ಬಾಲ. ಆ ಬಾಲದ ತುದಿಗೆ ಅಷ್ಟು ಭಾರ ನೇತುಹಾಕಿದರೆ ಏತದ ಹಾಗೆ ಮೂತಿ ಹಗುರ ಆಗುತ್ತದೆ, ಘಾಟಿಯ ತಿರುವಿನಲ್ಲಿ ಸ್ಟೇರಿಂಗ್ ಹಿಡಿತ ಸಿಗುವುದಿಲ್ಲ. ಹಂಪ್ ಇಳಿದಾಗಲೆಲ್ಲ ಸ್ಟ್ಯಾಂಡ್ ನೆಲಕ್ಕೆ ಉಜ್ಜುತ್ತದೆ. ನಂಬರ್ ಪ್ಲೇಟು, ಹಿಂದಿನ ಲೈಟು ಮುಚ್ಚಿಹೋದರೆ ಪೊಲೀಸಿನವರು ಬಿಡಲ್ಲ. ಒಳಗೆ ಹತ್ತಿಸುತ್ತೇವೆ ಅಂದರೆ ಇನ್ನೂ ಬೇಡ, ಮಲಗುವ ಜಾಗದಲ್ಲಿ ಪೆಟ್ರೋಲ್ ವಾಸನೆ.

ಮಡಚುವ ಸೈಕಲ್ ಎರಡು ಇಟ್ಟುಕೊಳ್ಳಿ. ಗಾಡಿ ನಿಲ್ಲಿಸುವ ಜಾಗವನ್ನು ಬಸ್ ರೂಟ್ ನೋಡಿ ಆರಿಸಿ. ಮೈಸೂರಿನಲ್ಲಿ ಚಾಮುಂಡಿ ಬೆಟ್ಟಕ್ಕೆ ಸಿಟಿ ಬಸ್ಸೇ ಹೋಗುತ್ತದೆ. ಕೆಂಪು ಬಸ್ಸಾದರೆ 2023ರಿಂದ ನಿಮಗೆ ದುಡ್ಡಿಲ್ಲ, ಟಿಕೆಟ್ ದುಡ್ಡು ಕೊಡಬೇಕಾದ್ದು ಯಜಮಾನರು ಮಾತ್ರ. ಊಟಿಗೆ ಬಂಡೀಪುರದ ಮೇಲೆ ಹೋಗುವುದಾದರೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಕಾಡಿನ ರಸ್ತೆ ಬಂದ್. ಸಂಜೆ ಗುಂಡ್ಲುಪೇಟೆಯಲ್ಲೇ ತಂಗಿ, ಬೆಳಿಗ್ಗೆ ಹೊರಡಿ.

ಮತ್ತೆ ಮೇಷ್ಟ್ರು:

ಸರ್, ಮಗನಿಗೆ ಓದಿ ಹೇಳಿದೆ. ಪೆಟ್ರೋಲೇ ಅಂತ ಒಪ್ಪಿದ. ಆದರೆ ಸಣ್ಣದು ಸಿಗಲಿಲ್ಲ, 2016ರ ದೊಡ್ಡದೇ ಒಂದು ನೋಡಿದ್ದಾನೆ. ತುಂಬಾ ಕಮ್ಮಿ ಓಡಿದೆಯಂತೆ, ಟೈರು ಹೊಸದರ ಹಾಗಿದೆಯಂತೆ. ಟೈರಿನ ಪಕ್ಕದ ಫೋಟೋ ಹಾಕಿದ್ದೇನೆ, ಕೊನೆಯಲ್ಲಿ 0915 ಅಂತಿದೆ.

ಉತ್ತರ:

ಅದು 2015ರ ಒಂಬತ್ತನೇ ವಾರದಲ್ಲಿ ತಯಾರಾದ ಟೈರು ಮೇಷ್ಟ್ರೇ. ಹಲ್ಲು ಎಷ್ಟೇ ಚೆನ್ನಾಗಿ ಕಾಣಲಿ, ಆರೇಳು ವರ್ಷ ದಾಟಿದ ಮೇಲೆ ಒಳಗಿನ ರಬ್ಬರ್ ಒಣಗಿರುತ್ತದೆ, ಫೀನಿಕ್ಸ್ ಬಿಸಿಲಿಗೆ ಇನ್ನೂ ಬೇಗ. ಆರಕ್ಕೆ ಆರೂ ಬದಲಾಯಿಸಬೇಕು. ಆ ದುಡ್ಡನ್ನು ಬೆಲೆಯಲ್ಲಿ ಇಳಿಸಿ ಅಂತ ಕೇಳಲಿ. ಸ್ಟೆಪ್ನಿ ಇದೆಯಾ ಅಂತಲೂ ವಿಚಾರಿಸಲಿ, ಎಷ್ಟೋ ದೊಡ್ಡ ಗಾಡಿಗಳಲ್ಲಿ ಅದು ಇರುವುದೇ ಇಲ್ಲ.