ಲಾಗ್‌ರೊಟೇಟ್ ಓಡಿದ ಮೇಲೂ ಡಿಸ್ಕ್‌ನಲ್ಲಿ ಜಾಗ ತೆರವಾಗುತ್ತಿಲ್ಲ

ಪ್ರಶ್ನೆ: ನಮ್ಮ ಲಿನಕ್ಸ್ ಸರ್ವರ್‌ನಲ್ಲಿ ಎನ್‌ಜಿನ್‌ಎಕ್ಸ್ ವೆಬ್ ಸರ್ವರ್‌ನ ಹಳೆಯ ಲಾಗ್ (ದಾಖಲೆ) ಫೈಲಿನ ಹೆಸರನ್ನು ಲಾಗ್‌ರೊಟೇಟ್ ಸಾಧನ ಬದಲಿಸಿ, ಪ್ರತಿ ರಾತ್ರಿ ಅದನ್ನು ಜಿಜಿಪ್‌ನಿಂದ ಕುಗ್ಗಿಸುತ್ತಿದ್ದರೂ ಡಿಸ್ಕ್‌ನಲ್ಲಿ ಜಾಗ ಮರಳಿ ಸಿಗುತ್ತಿಲ್ಲ, ಹೊಸ ಲಾಗ್ ಫೈಲ್ ಸೊನ್ನೆ ಬೈಟ್‌ನಲ್ಲೇ ಉಳಿದಿದೆ. ಡಿಎಫ್ (ಡಿಸ್ಕ್‌ನ ಒಟ್ಟು ಬಳಕೆ) ಮತ್ತು ಡಿಯು (ಫೈಲ್‌ಗಳ ಗಾತ್ರದ ಮೊತ್ತ) ಆಜ್ಞೆಗಳ ಲೆಕ್ಕಗಳೂ ತಾಳೆಯಾಗುತ್ತಿಲ್ಲ. ತಪ್ಪು ಎಲ್ಲಿರಬಹುದು?

ಉತ್ತರ 1: ಸೊನ್ನೆ ಬೈಟ್ ಎಂಬುದೇ ಸುಳಿವು. ಹೆಸರು ಬದಲಾದರೂ ಪ್ರೋಗ್ರಾಂ ತಾನು ಮೊದಲೇ ತೆರೆದಿದ್ದ ಫೈಲಿಗೇ ಬರೆಯುತ್ತಿರುತ್ತದೆ. ಕಂಪ್ರೆಸ್ ಆದ ಬಳಿಕ ಮೂಲ ಫೈಲ್ ಅಳಿದರೂ, ಆ ಪ್ರಕ್ರಿಯೆ ಅದನ್ನು ಬಿಡುವವರೆಗೆ ಜಾಗ ತೆರವಾಗುವುದಿಲ್ಲ. ಅಳಿಸಿದರೂ ಇನ್ನೂ ತೆರೆದಿರುವ ಫೈಲ್‌ಗಳ ಪಟ್ಟಿಗಾಗಿ ಎಲ್‌ಎಸ್‌ಒಎಫ್ ಆಜ್ಞೆಯನ್ನು +ಎಲ್1 ಆಯ್ಕೆಯೊಂದಿಗೆ ಓಡಿಸಿ ನೋಡಿ.

ಉತ್ತರ 2: ಲಾಗ್‌ರೊಟೇಟ್ ಹೆಸರು ಬದಲಿಸಿದ ಮೇಲೆ ಓಡಿಸುವ ಪೋಸ್ಟ್‌ರೊಟೇಟ್ ಭಾಗದಲ್ಲಿ, ಲಾಗ್ ಫೈಲನ್ನು ಮತ್ತೆ ತೆರೆಯುವಂತೆ ಎನ್‌ಜಿನ್‌ಎಕ್ಸ್‌ಗೆ ಹೇಳುವ ಯುಎಸ್‌ಆರ್1 ಸಿಗ್ನಲ್ ಕಳುಹಿಸಿ; ಕಂಪ್ರೆಸ್ ಮಾಡುವುದನ್ನು ಮುಂದಿನ ಸರದಿಗೆ ಮುಂದೂಡುವ ಡಿಲೇಕಂಪ್ರೆಸ್ ಆಯ್ಕೆ ಸೇರಿಸಿ. ಫೈಲನ್ನು ನಕಲಿಸಿ ಮೂಲವನ್ನು ಬರಿದು ಮಾಡುವ ಕಾಪಿಟ್ರಂಕೇಟ್ ಆಯ್ಕೆ ಸುಲಭವೇನೋ ಹೌದು, ಆದರೆ ನಕಲು ಮುಗಿದು ಫೈಲ್ ಬರಿದಾಗುವ ನಡುವೆ ಬಂದ ಸಾಲುಗಳು ಕಳೆದುಹೋಗಬಹುದಾದ್ದರಿಂದ ನಾನು ಅದನ್ನು ಬಳಸುವುದಿಲ್ಲ.

ಪ್ರಶ್ನೆ ಕೇಳಿದವರು: ಅಳಿಸಿದ ಫೈಲ್ ಪಟ್ಟಿಯಲ್ಲಿ ಕಂಡಿತು. ಪೋಸ್ಟ್‌ರೊಟೇಟ್ ಮೊದಲೇ ಇತ್ತು, ಆದರೆ ಅದರಲ್ಲಿ ಪಿಐಡಿ ಫೈಲಿನ (ಎನ್‌ಜಿನ್‌ಎಕ್ಸ್ ಪ್ರಕ್ರಿಯೆಯ ಸಂಖ್ಯೆ ಇರುವ ಫೈಲ್) ಹಳೆಯ ಪಾತ್ ಉಳಿದುಬಿಟ್ಟಿದ್ದರಿಂದ ಸಿಗ್ನಲ್ ತಲುಪುತ್ತಿರಲಿಲ್ಲ. ಈಗ ಸರಿಪಡಿಸಿದ್ದೇನೆ.