ಶೃ ಅಲ್ಲ, ಶ್ರ

(ಗುಂಪು: ನಮ್ಮನೆ)

ತಮ್ಮ (ಚಿಕ್ಕಪ್ಪನ ಮಗ), ಬೆಂಗಳೂರು: ಸರ್ಕಲ್‌ನಲ್ಲಿ ಹಾಕುವ ಫ್ಲೆಕ್ಸ್‌ಗೆ ಇದನ್ನು ಬರೆಸಿದ್ದೇನೆ. ಆರಡಿ, ನಾಲ್ಕಡಿ. ಎಂಟು ಗಂಟೆಯೊಳಗೆ ಓಕೆ ಹೇಳಬೇಕಂತೆ. ಎಲ್ಲರೂ ಒಂದ್ಸಲ ನೋಡಿಬಿಡಿ.

"ಭಾವಪೂರ್ಣ ಶೃದ್ಧಾಂಜಲಿ. ಜ್ಞಾನದ ದೀಪ, ಮಮತೆಯ ಕಡಲು. ಸಾವಿರಾರು ವಿಧ್ಯಾರ್ಥಿಗಳ ಬಾಳು ಬೆಳಗಿದ ಮಹಾತಾಯಿ. ಮಕ್ಕಳು ಮೊಮ್ಮಕ್ಕಳಿಗಾಗಿ ಜೀವ ತೇಯ್ದ ವಾತ್ಸಲ್ಯಮಯಿ. ಮತ್ತೆ ಹುಟ್ಟಿ ಬನ್ನಿ ಅಜ್ಜಿ."

ಮೈಸೂರು ಅತ್ತೆ: ಫೋಟೋ ಚೆನ್ನಾಗಿದೆ ಕಣೋ. ಹಿಂದೆ ಮೋಡ ಯಾಕೆ? ತೆಗೆಸು.

ನಾನು: ಶೃ ಅಲ್ಲ, ಶ್ರ. ವಟ್ರಸುಳಿ ಬರಲ್ಲ ಅಲ್ಲಿ, ರ ಒತ್ತು. ವಿಧ್ಯಾರ್ಥಿ ಅಲ್ಲ, ವಿದ್ಯಾರ್ಥಿ. ಅಜ್ಜಿ ಇದ್ದಿದ್ದರೆ ಫ್ಲೆಕ್ಸ್ ಮೇಲೇ ಕೆಂಪು ಇಂಕಿನಲ್ಲಿ ಸುತ್ತು ಹಾಕುತ್ತಿದ್ದರು. ಎದುರು ಮನೆಯವರ ಮದುವೆ ಕಾರ್ಡಿನಲ್ಲಿ ಆರು ತಪ್ಪು ತಿದ್ದಿ, ಮುಯ್ಯಿ ಕವರಿನ ಜೊತೆ ವಾಪಸ್ ಕೊಟ್ಟವರು ಅವರು. ಅಮ್ಮನಿಗೆ ಆವತ್ತು ಊಟ ಸೇರಲಿಲ್ಲ.

ತಮ್ಮ: ಸಾರಿ ಅಕ್ಕಾ. ಬರೆದಿದ್ದು ಚಾಟ್‌ಜಿಪಿಟಿ. ಟೈಪ್ ಮಾಡಿದ್ದು ಅಂಗಡಿಯವನು. ನನ್ನದೇನೂ ಇಲ್ಲ ಇದರಲ್ಲಿ.

ನಾನು: ಅದೇ ತೊಂದರೆ. ನಿನ್ನದೇನೂ ಇಲ್ಲ.

ಡಲ್ಲಾಸ್ ಅಕ್ಕ: ಇದರಲ್ಲಿ ಹೆಸರು ಬದಲಾಯಿಸಿದರೆ ಯಾರ ಅಜ್ಜಿಗೆ ಬೇಕಾದರೂ ಆಗುತ್ತೆ, ಅಲ್ವಾ?

ಹಾಸನ ಚಿಕ್ಕಪ್ಪ: ಒತ್ತಕ್ಷರ ಆಮೇಲೆ ನೋಡಿಕೊಳ್ಳಿ. "ಮಕ್ಕಳು ಮೊಮ್ಮಕ್ಕಳಿಗಾಗಿ" ಅಂತಿದೆಯಲ್ಲ, ಅದರಲ್ಲಿ ಮಕ್ಕಳು ಅನ್ನುವುದನ್ನು ತೆಗೆಸು.

ತಮ್ಮ: ಯಾಕಪ್ಪಾ?

ಚಿಕ್ಕಪ್ಪ: ಸುಳ್ಳು. ಅದಕ್ಕೆ.

ಅತ್ತೆ: ಅಮ್ಮ ಹೋಗಿ ಇನ್ನೂ ಒಂಬತ್ತು ದಿನ. ಮಕ್ಕಳ ಎದುರಿಗೆ ಇದೆಲ್ಲ ಬೇಕಾ ನಿನಗೆ?

ಚಿಕ್ಕಪ್ಪ: ಮಕ್ಕಳು ಅಂದರೆ ಯಾರು? ಎಲ್ಲರಿಗೂ ಮದುವೆ ವಯಸ್ಸಾಗಿದೆ. ತಿಳಿದುಕೊಳ್ಳಲಿ. ನಾನು ಒಂದರಿಂದ ನಾಲ್ಕರವರೆಗೆ ಓದಿದ್ದು ಅವಳ ಶಾಲೆಯಲ್ಲೇ. ಶಾಲೆಯಲ್ಲಿ ಬಾಯಿ ತಪ್ಪಿ ಅಮ್ಮ ಅಂದರೆ ಏಟು. ಟೀಚರ್ ಅನ್ನಬೇಕಿತ್ತು. ಆಗ ಶಾಲೆಯಲ್ಲಿ ಕೇರ್ ಸಂಸ್ಥೆಯ ಉಪ್ಪಿಟ್ಟು ಕೊಡುತ್ತಿದ್ದರು. ಅದರ ವಾಸನೆ ಹತ್ತು ಗಂಟೆಗೇ ಬರುತ್ತಿತ್ತು. ಸಾಲಿನಲ್ಲಿ ನನ್ನನ್ನು ದಿನಾ ಕೊನೆಗೆ ನಿಲ್ಲಿಸುತ್ತಿದ್ದಳು. ಟೀಚರ್ ಮಗ ಮೊದಲು ತಿಂದ ಅಂತ ಯಾರೂ ಅನ್ನಬಾರದಲ್ಲ. ಎಷ್ಟೋ ದಿನ ನನ್ನ ಎಲೆಗೆ ಬಂದದ್ದು ಪಾತ್ರೆಯ ತಳ ಕೆರೆದದ್ದು.

ಚಿಕ್ಕಪ್ಪ: ಮನೆಗೆ ಬಂದರೆ ಅವಳಿಗೆ ಹಾಜರಿ ಪುಸ್ತಕ. ಇಲ್ಲಾಂದರೆ ಜನಗಣತಿ, ಇಲ್ಲಾಂದರೆ ಎಲೆಕ್ಷನ್ ಡ್ಯೂಟಿ. ನಮ್ಮನ್ನು ನೋಡಿಕೊಂಡಿದ್ದು ಸೋದರತ್ತೆ. ಅವರಿಗೆ ಯಾರು ಫ್ಲೆಕ್ಸ್ ಹಾಕಿದರು?

ಅಪ್ಪ: ಅದು ನಿಜ.

(ಅಪ್ಪ ಈ ಗುಂಪಿನಲ್ಲಿ ಗುಡ್ ಮಾರ್ನಿಂಗ್ ಹೂವು ಬಿಟ್ಟು ಬೇರೆ ಏನನ್ನೂ ಹಾಕಿದವರಲ್ಲ. ಹಾಗಾಗಿ ಎರಡು ನಿಮಿಷ ಯಾರೂ ಏನೂ ಟೈಪ್ ಮಾಡಲಿಲ್ಲ.)

ತಮ್ಮ: ಅಪ್ಪಾ, ನಮ್ಮ ಅಜ್ಜಿ ಹಾಗಿರಲಿಲ್ಲ. ಒಂದೇಟು ಹೊಡೆದವರಲ್ಲ. ಜ್ವರ ಬಂದರೆ ರಾತ್ರಿಯಿಡೀ ಪಕ್ಕದಲ್ಲೇ ಕೂತಿರುತ್ತಿದ್ದರು.

ಚಿಕ್ಕಪ್ಪ: ಗೊತ್ತು. ಬಾಗಿಲಲ್ಲಿ ನಿಂತು ನೋಡಿದ್ದೇನೆ.

ಅತ್ತೆ: ಆ ಮಧ್ಯೆ ಏನಾಯಿತು ಅನ್ನುವುದು ನಿನಗೆ ಗೊತ್ತಿಲ್ಲ ಬಿಡು. ನೀನು ಕೆಲಸ ಅಂತ ಹಾಸನಕ್ಕೆ ಹೋಗಿಬಿಟ್ಟಿದ್ದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ನಲಿ ಕಲಿ ಶುರುವಾಯಿತು, ಆಟ, ಹಾಡು, ಕಾರ್ಡುಗಳಿಂದ ಕಲಿಸುವ ಪದ್ಧತಿ. ರಾಜ್ಯದಲ್ಲೇ ಮೊದಲು ಅಲ್ಲಿ. ಕೆಲವು ಟೀಚರುಗಳು ಆಂಧ್ರದ ರಿಷಿ ವ್ಯಾಲಿ ಶಾಲೆಗೆ ಹೋಗಿ ನೋಡಿ ಬಂದು, ತಾವೇ ಕೂತು ಕಾರ್ಡುಗಳನ್ನು ಬರೆದರು. ಅಮ್ಮನಿಗೆ ಆಗ ಐವತ್ತು. ಬೆತ್ತ ಬಿಡಿ, ಕುರ್ಚಿ ಬಿಡಿ, ನೆಲದ ಮೇಲೆ ಮಕ್ಕಳ ಜೊತೆ ಕೂರಿ ಅಂದರು. ತರಬೇತಿಯ ಮೊದಲ ದಿನ ಮನೆಗೆ ಬಂದು ಅತ್ತಳು. ಇಪ್ಪತ್ತೊಂಬತ್ತು ವರ್ಷ ನಾನು ಮಾಡಿದ್ದು ಪಾಠ ಅಲ್ವೇನೇ ಅಂತ ನನ್ನನ್ನು ಕೇಳಿದಳು. ಏನು ಹೇಳಲಿ ನಾನು? ಕಾಫಿ ಮಾಡಿ ಕೊಟ್ಟೆ.

ನಾನು: ಇದು ನನಗೂ ಗೊತ್ತಿರಲಿಲ್ಲ ಅತ್ತೆ. ಆಮೇಲೆ?

ಅತ್ತೆ: ಆಮೇಲೇನು, ಹೋದಳು. ಮಂಡಿನೋವು ಅಂದುಕೊಂಡೇ ನೆಲದ ಮೇಲೆ ಕೂತಳು. ಅಲ್ಲಿ ಹೊಗೆಸೊಪ್ಪು ಜಾಸ್ತಿ. ಸೊಪ್ಪು ಮುರಿಯುವಾಗ, ಬ್ಯಾರನ್‌ನಲ್ಲಿಟ್ಟು ಬಿಸಿಗೆ ಒಣಗಿಸುವಾಗ ಮಕ್ಕಳು ವಾರಗಟ್ಟಲೆ ಶಾಲೆಗೆ ಬರುತ್ತಿರಲಿಲ್ಲ. ಹಾಡಿಯ ಆದಿವಾಸಿ ಮಕ್ಕಳೂ ಅಷ್ಟೇ, ಅಪ್ಪ ಅಮ್ಮನ ಜೊತೆ ಕೂಲಿಗೆ ಹೋಗಿಬಿಡುತ್ತಿದ್ದರು. ಮೊದಲಾದರೆ ಅಂಥ ಮಗು ವಾಪಸ್ ಬಂದ ದಿನವೇ ಏಟು. ಪಾಠ ಎಲ್ಲೋ ಮುಂದೆ ಹೋಗಿರುತ್ತಿತ್ತು. ಮಗು ಆಮೇಲೆ ಬರುತ್ತಲೇ ಇರಲಿಲ್ಲ. ನಲಿ ಕಲಿಯಲ್ಲಿ ಪಾಠಗಳ ಏಣಿ ಇತ್ತಲ್ಲ, ಯಾವ ಮೆಟ್ಟಿಲಿನಲ್ಲಿ ಬಿಟ್ಟಿತ್ತೋ ಅಲ್ಲಿಂದಲೇ ಶುರು. ಒಂದು ದಿನ ಅಮ್ಮನೇ ಹೇಳಿದಳು, "ಹೊಡೆದು ಎಷ್ಟು ಮಕ್ಕಳನ್ನು ಓಡಿಸಿದೆನೋ" ಅಂತ. ನಿನ್ನ ಹೆಸರೂ ಬಂತು ಆವತ್ತು.

ಚಿಕ್ಕಪ್ಪ: ನನ್ನ ಹತ್ತಿರ ಯಾವತ್ತೂ ಹೇಳಲಿಲ್ಲ.

ಅತ್ತೆ: ಟೀಚರ್ ಅಲ್ವಾ. ತಪ್ಪಾಯಿತು ಅಂತ ಹೇಳಿ ಅಭ್ಯಾಸ ಎಲ್ಲಿತ್ತು ಅವಳಿಗೆ?

ಚಿಕ್ಕಪ್ಪ: ಅಂತೂ ಬೇರೆಯವರ ಮಕ್ಕಳ ಹತ್ತಿರ ಕಲಿತಳು. ನನಗೆ ಆಗ ಇಪ್ಪತ್ತೈದು.

ನಾನು: ಚಿಕ್ಕಪ್ಪ, ಅದರ ಲಾಭ ಸಿಕ್ಕಿದ್ದು ನಮಗೆ. ಅಜ್ಜಿ 2003ರಲ್ಲಿ ರಿಟೈರ್ ಆದರು, ನಾನು ಆಗ ಒಂದನೇ ಕ್ಲಾಸು. ನನಗೆ ಅವರು ಅ ಆ ಇ ಈ ಇಂದ ಶುರು ಮಾಡಲಿಲ್ಲ. ನಲಿ ಕಲಿಯ ಹಾಗೆ ರ ಗ ಸ ದ ಅ. ಐದೇ ಅಕ್ಷರ, ಹುಣಸೆ ಬೀಜ ಜೋಡಿಸಿ. ಸರ, ಅರಸ, ಅಗಸ, ಗರಗಸ. ಒಂದು ವಾರಕ್ಕೇ ಪದ ಓದುತ್ತಿದ್ದೆ. ನಮ್ಮ ಕಾನ್ವೆಂಟಿನ ಮಿಸ್ ಮಾತ್ರ ಇದೇನು ಹಿಂದುಮುಂದು ಅಂತ ಬೈದರು.

ಡಲ್ಲಾಸ್ ಅಕ್ಕ: ನನ್ನ ಮಗನಿಗೂ ಅದೇ, ವಿಡಿಯೋ ಕಾಲ್‌ನಲ್ಲಿ. ಇಲ್ಲಿ ಹುಣಸೆ ಬೀಜ ಇಲ್ಲ, ಪಾಸ್ತಾ ಜೋಡಿಸುತ್ತಿದ್ದ. ಅಜ್ಜಿಗೆ ಅದು ತಿನ್ನುವ ಪದಾರ್ಥ ಅಂತ ಗೊತ್ತಾಗಿ ಸರಿಯಾಗಿ ಬೈಸಿಕೊಂಡೆ.

ಅಪ್ಪ: ಏಳೂ ನಲವತ್ತು ಆಯಿತು. ಪೆನ್ಷನ್ ವಿಷಯ ಬ್ಯಾಂಕಿಗೆ ಯಾರು ತಿಳಿಸುತ್ತೀರಿ?

ಅತ್ತೆ: ಅಣ್ಣಾ, ಅದು ನಾಳೆ.

ತಮ್ಮ: ಈಗ ಫ್ಲೆಕ್ಸ್‌ಗೆ ಏನು ಹಾಕಲಿ ಹೇಳಿ. ಸುಮ್ನೆ ಹೆಸರು ಮಾತ್ರ ಹಾಕಿದರೆ ಊರಿನವರು ಜಿಪುಣರು ಅಂತಾರೆ. ಪಕ್ಕದ ಫ್ಲೆಕ್ಸ್‌ನಲ್ಲಿ ಎಂಟು ಸಾಲು ಇದೆ.

ನಾನು: ದೀಪ, ಕಡಲು, ಮಹಾತಾಯಿ ಎಲ್ಲ ತೆಗೆ. ಅವರು ಮಾಡಿದ್ದನ್ನು ಹಾಕು. "1966ರಿಂದ 2003ರವರೆಗೆ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಗೆ ಅಕ್ಷರ ಕಲಿಸಿದವರು. ಆಮೇಲೆ ಮನೆಯಲ್ಲಿ ಮೊಮ್ಮಕ್ಕಳಿಗೆ." ಕೆಳಗೆ ದೊಡ್ಡದಾಗಿ ರ ಗ ಸ ದ ಅ.

ಅತ್ತೆ: ರ ಗ ಸ ದ ಅ ಅಂದರೆ ಓದಿದವರಿಗೆ ಏನು ತಿಳಿಯುತ್ತೆ?

ಅಪ್ಪ: ಕೋಟೆಯಲ್ಲಿ ಓದಿದವರಿಗೆ ತಿಳಿಯುತ್ತೆ.

ಚಿಕ್ಕಪ್ಪ: ಸೋದರತ್ತೆ ಹೆಸರೂ ಹಾಕಿ. ದುಃಖತಪ್ತರು ಅಂತ ನಮ್ಮೆಲ್ಲರ ಹೆಸರು ಬರುತ್ತಲ್ಲ, ಅದರಲ್ಲಿ ಮೊದಲು ಅವರದು. ಬದುಕಿದ್ದಾರಲ್ಲ ಇನ್ನೂ.

ಅತ್ತೆ: ಅದು ಸರಿ. ಹಾಕು ಕಣೋ.

ತಮ್ಮ: ಅಪ್ಪಾ, ಉಪ್ಪಿಟ್ಟಿನ ವಿಷಯ ಕಾರ್ಯದ ದಿನ ಮೈಕಿನಲ್ಲಿ ಹೇಳುತ್ತೀಯಾ? ಜನಕ್ಕೆ ಇಷ್ಟ ಆಗುತ್ತೆ.

ಚಿಕ್ಕಪ್ಪ: ಬೇಡ. ಅದು ನನ್ನದು.

ಅತ್ತೆ: ಅಡುಗೆಯವರು ಆವತ್ತು ಬೆಳಗ್ಗೆ ತಿಂಡಿಗೆ ಏನು ಅಂತ ಕೇಳುತ್ತಿದ್ದರು. ಉಪ್ಪಿಟ್ಟು ಅಂದಿದ್ದೆ. ಬೇರೆ ಹೇಳಲಾ?

ಚಿಕ್ಕಪ್ಪ: ಉಪ್ಪಿಟ್ಟೇ ಇರಲಿ. ಆದರೆ ನಾನು ಮೊದಲು ಕೂರುತ್ತೇನೆ.

ತಮ್ಮ: ಇಗೋ, ಹೊಸ ಪ್ರೂಫ್. ಓಕೆನಾ?

ನಾನು: ಮತ್ತೆ ಶೃ.